ಗದ್ದ ಎತ್ತಿ, ಉಸಿರು ಬಿಡಿ: ಕುತ್ತಿಗೆಯ ಕ್ಷ-ಕಿರಣ ಚಿತ್ರಣದಲ್ಲಿ ಭಂಗಿ, ಉಪಕರಣ ಮತ್ತು ಗಡಿಯ ಮಾತು

ಕ್ಷ-ಕಿರಣ ಚಿತ್ರವನ್ನು ನಾವು ಸಾಮಾನ್ಯವಾಗಿ ಯಂತ್ರದ ಕೃತಿಯೆಂದೇ ಭಾವಿಸುತ್ತೇವೆ. ಮುರಿದ ಮುಂಗೈಯ ಮಟ್ಟಿಗೆ ಈ ಭಾವನೆ ಬಹುಪಾಲು ಸರಿ. ತಂತ್ರಜ್ಞರೇ ಕೈಯನ್ನು ಹಿಡಿದು ಫಲಕದ ಮೇಲೆ ಇರಿಸಬಲ್ಲರು. ರೋಗಿ ಸುಮ್ಮನಿದ್ದರೆ ಸಾಕು. ಕುತ್ತಿಗೆಯ ವಿಷಯ ಹಾಗಲ್ಲ. ಗದ್ದವನ್ನು ಎಷ್ಟು ಎತ್ತಬೇಕು, ಹೆಗಲನ್ನು ಎಷ್ಟು ಇಳಿಸಬೇಕು, ಬಾಯಿಯನ್ನು ಎಷ್ಟು ತೆರೆಯಬೇಕು, ಉಸಿರನ್ನು ಯಾವ ಕ್ಷಣದಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ರೋಗಿಯೇ ಮಾಡಿ ತೋರಬೇಕು. ಅದನ್ನು ಮಾಡಿಸುವ ಸಾಧನ ಮಾತು. ನಳಿಕೆಯ ಕೋನ, ಫಲಕದ ದೂರ, ವಿದ್ಯುತ್ತಿನ ಪ್ರಮಾಣಗಳಂತೆಯೇ ಇಲ್ಲಿ ಆಜ್ಞಾವಾಕ್ಯವೂ ಉಪಕರಣದ ಒಂದು ಭಾಗ; ಅದು ತಪ್ಪಿದರೆ ಚಿತ್ರವೂ ತಪ್ಪುತ್ತದೆ. ಈ ಲೇಖನದಲ್ಲಿ ಕುತ್ತಿಗೆಯ ಕಶೇರುಕಗಳ ಚಿತ್ರಣಕ್ಕೆ ರೋಗಿಯನ್ನೂ ಯಂತ್ರವನ್ನೂ ಅಣಿಗೊಳಿಸುವ ಕ್ರಮವನ್ನು ವಿವರಿಸುತ್ತ, ಕನ್ನಡ ಮತ್ತು ತೆಲುಗು ಕೂಡುವ ಸೀಮೆಯಲ್ಲಿ ಆ ಕ್ರಮಕ್ಕೆ ಭಾಷೆ ಎಲ್ಲೆಲ್ಲಿ ತಗಲುತ್ತದೆ ಎಂಬುದನ್ನು ಗುರುತಿಸಲು ಯತ್ನಿಸಿದ್ದೇನೆ.

ಸೀಮೆ

ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಬ್ರಹ್ಮಸಮುದ್ರ ಮಂಡಲ ಕಲ್ಯಾಣದುರ್ಗಕ್ಕೆ ಪಶ್ಚಿಮದಲ್ಲಿ, ಕರ್ನಾಟಕದ ಗಡಿಯ ಬದಿಯಲ್ಲಿದೆ. ಚಿತ್ರದುರ್ಗದ ಸೀಮೆಯಿಂದ ಹರಿದುಬರುವ ವೇದಾವತಿ ಇಲ್ಲಿಯೇ ಭೈರವಾನಿತಿಪ್ಪ ಜಲಾಶಯವನ್ನು ಸೇರುತ್ತದೆ. ಈ ಗಡಿಪಟ್ಟಿ ವಾಯವ್ಯಕ್ಕೆ ರಾಯದುರ್ಗದತ್ತಲೂ ದಕ್ಷಿಣಕ್ಕೆ ಮಡಕಶಿರಾ, ಹಿಂದೂಪುರಗಳತ್ತಲೂ ಚಾಚಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಹಳೆಯ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆಡಳಿತದ ಗೆರೆಗಳು ಹೀಗೆ ಸರಿಯುತ್ತ ಬಂದರೂ ಮನೆಯ ಮಾತು ಅವುಗಳೊಂದಿಗೆ ಸರಿದಿಲ್ಲ.

ಇಲ್ಲಿಯ ಕನ್ನಡಿಗನಿಗೆ ಕತ್ತು ನೋವು ಬಂದರೆ ಪೂರ್ವದ ಕಲ್ಯಾಣದುರ್ಗಕ್ಕೋ ಅನಂತಪುರಕ್ಕೋ ಹೋಗಬಹುದು. ಅಥವಾ ಗಡಿ ದಾಟಿ ಚಳ್ಳಕೆರೆಗೋ ಬಳ್ಳಾರಿಗೋ ಹೋಗಬಹುದು. ಕತ್ತು ಅದೇ, ಯಂತ್ರವೂ ಹೆಚ್ಚುಕಡಿಮೆ ಅದೇ. ಹೊರಟ ದಿಕ್ಕಿಗೆ ತಕ್ಕಂತೆ ಬದಲಾಗುವುದು ಕೊಠಡಿಯೊಳಗಿನ ಆಜ್ಞೆಯ ಭಾಷೆ. ಗಡಿಯ ಕನ್ನಡಿಗರೆಲ್ಲ ತೆಲುಗು ಬಲ್ಲರಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಸಂತೆಯ ದ್ವಿಭಾಷಿಕತೆಯೇ ಬೇರೆ, ದೇಹದ ದ್ವಿಭಾಷಿಕತೆಯೇ ಬೇರೆ. ಶೇಂಗಾದ ಬೆಲೆಯನ್ನು ಮರುಪ್ರಶ್ನಿಸಿ ತಿಳಿದುಕೊಳ್ಳಲು ಅವಕಾಶವುಂಟು. ಗುಂಡಿ ಒತ್ತುವ ಮುನ್ನ ಗಾಜಿನ ಆಚೆಯಿಂದ ಬರುವ ಎರಡು ಪದಗಳ ಆಜ್ಞೆಗೆ ದೇಹ ಕೂಡಲೇ ಓಗೊಡಬೇಕು. ಅಲ್ಲಿ ಮರುಪ್ರಶ್ನೆಗೆ ಎಡೆಯಿಲ್ಲ.

ಅಂಗ ಮತ್ತು ಅದರ ಹೆಸರುಗಳು

ಕುತ್ತಿಗೆಯಲ್ಲಿ ಏಳು ಕಶೇರುಕಗಳಿವೆ. ಮೊದಲನೆಯದನ್ನು ಅಂಗರಚನಾಶಾಸ್ತ್ರ ಅಟ್ಲಾಸ್ ಎಂದು ಕರೆದಿದೆ. ಗ್ರೀಕ್ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತವನ ಹೆಸರದು. ಭೂಮಿಯನ್ನು ಹೊತ್ತ ಆದಿಶೇಷನನ್ನು ಬಲ್ಲ ನಮಗೆ ಈ ರೂಪಕ ಅಪರಿಚಿತವೇನಲ್ಲ. ಎರಡನೆಯದು ಆಕ್ಸಿಸ್, ಅದರಿಂದ ಹಲ್ಲಿನಂತೆ ಮೇಲಕ್ಕೆ ಚಾಚಿದ ಮೂಳೆಯ ಸುತ್ತ ಅಟ್ಲಾಸ್ ತಿರುಗುತ್ತದೆ. ತಲೆಬುರುಡೆ ಮತ್ತು ಅಟ್ಲಾಸ್‌ಗಳ ನಡುವಣ ಕೀಲು ಮುಖ್ಯವಾಗಿ ಮೇಲೆ ಕೆಳಗೆ ಆಡುತ್ತದೆ. ಅಟ್ಲಾಸ್ ಮತ್ತು ಆಕ್ಸಿಸ್‌ಗಳ ನಡುವಣ ಕೀಲು ಎಡಬಲಕ್ಕೆ ಹೊರಳುತ್ತದೆ. ಕುತ್ತಿಗೆಯ ಒಟ್ಟು ಹೊರಳುವಿಕೆಯಲ್ಲಿ ಸುಮಾರು ಅರ್ಧದಷ್ಟು ಈ ಎರಡನೆಯ ಕೀಲಿನದೇ. ಸ್ಥೂಲವಾಗಿ ಹೇಳುವುದಾದರೆ ಮೊದಲನೆಯದು ‘ಹೌದು’ ಎನ್ನುವ ಕೀಲು, ಎರಡನೆಯದು ‘ಇಲ್ಲ’ ಎನ್ನುವ ಕೀಲು. ಗಾಯಾಳುವಿನ ಪ್ರಸಂಗದಲ್ಲಿ ಈ ಮಾತಿಗೆ ಮರಳುತ್ತೇನೆ.

ಕನ್ನಡ ಈ ಒಂದು ಅಂಗಕ್ಕೆ ಹಲವು ಹೆಸರಿಟ್ಟಿದೆ: ಕತ್ತು, ಕುತ್ತಿಗೆ, ಕೊರಳು, ಗೋಣು; ಒಳಭಾಗಕ್ಕೆ ಗಂಟಲು. ಇವು ಪರ್ಯಾಯಪದಗಳೆಂದು ನಿಘಂಟು ಹೇಳಬಹುದು, ಬಳಕೆ ಹಾಗೆ ಹೇಳುವುದಿಲ್ಲ. ಹಿಡಿದುಕೊಳ್ಳುವುದು, ಉಳುಕುವುದು ಕತ್ತು. ಹಾರ ಹಾಕುವುದು ಕೊರಳಿಗೆ. ಹಾಡುವವರ ದನಿಗೂ ಕೊರಳೆಂದೇ ಹೆಸರು. ಆಡಿಸುವುದು, ಬಾಗಿಸುವುದು ಗೋಣು. ಸಮ್ಮತಿಯ ಚಲನೆ ಈ ಪದದಲ್ಲಿಯೇ ಅಡಗಿದೆ. ತೆಲುಗಿನಲ್ಲಿ ಹೊರಗಿನ ಅಂಗಕ್ಕೆ ‘ಮೆಡ’ ಎಂಬ ಪದವೂ ಗಂಟಲು, ದನಿಗಳಿಗೆ ‘ಗೊಂತು’ ಎಂಬ ಪದವೂ ಇವೆ. ಇದರೊಂದಿಗೆ ‘ಕುತ್ತುಕ’ ಎಂಬ ಪದವೂ ಉಂಟು. ಅದು ನಮ್ಮ ‘ಕುತ್ತಿಗೆ’ಯನ್ನು ಹೋಲುತ್ತದೆ, ಸೂಚಿಸುವುದು ಮಾತ್ರ ಗಂಟಲನ್ನು. ‘ಕುತ್ತಿಗೆ ನೋವು’ ಎಂದು ಕನ್ನಡಿಗ ಹೇಳಿದಾಗ ತೆಲುಗಿನ ಕಿವಿ ಅದನ್ನು ಮುಂಭಾಗದ ನೋವೆಂದು ಗ್ರಹಿಸುವ ಸಾಧ್ಯತೆ ಇಲ್ಲಿದೆ. ಕೈಯಿಂದ ಮುಟ್ಟಿ ತೋರಿಸಿ ಎಂದು ಕೇಳುವುದು ಸುರಕ್ಷಿತ ಕ್ರಮ.

ಸಿದ್ಧತೆ

ಚಿತ್ರಣಕ್ಕೆ ಮೊದಲು ಕುತ್ತಿಗೆಯ ಸುತ್ತಲಿನ ಲೋಹವನ್ನೆಲ್ಲ ತೆಗೆಯಬೇಕು: ಓಲೆ, ಮೂಗುತಿ, ಹೇರ್‌ಪಿನ್, ಕನ್ನಡಕ, ತೆಗೆಯಬಹುದಾದ ಕಟ್ಟುಹಲ್ಲು, ಸರ. ಲೋಹ ಕಿರಣವನ್ನು ತಡೆದು ಮೂಳೆಯ ಮೇಲೆ ಬಿಳಿಯ ನೆರಳನ್ನು ಬೀಳಿಸುತ್ತದೆ. ಅರಿಶಿನದ ದಾರ ಚಿತ್ರದಲ್ಲಿ ಹೆಚ್ಚು ಕಾಣದು, ಅದರಲ್ಲಿರುವ ಚಿನ್ನದ ತಾಳಿಬೊಟ್ಟು ಕಂಡೇ ಕಾಣುತ್ತದೆ. ‘ತಾಳಿ ತೆಗೆಯಿರಿ’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿಯಿದ್ದರೂ ಕನ್ನಡ ಹೆಂಗಸಿನ ಕಿವಿಗೆ ಅಮಂಗಳ. ದೀಪವನ್ನು ಆರಿಸುವುದಕ್ಕೆ ‘ಶಾಂತ ಮಾಡು’ ಎನ್ನುವ ಭಾಷೆ ನಮ್ಮದು. ‘ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿರಿ ತಾಯಿ’ ಎಂದರೆ ಕೆಲಸವೂ ಆಗುತ್ತದೆ, ಮನಸ್ಸೂ ಮುದುಡುವುದಿಲ್ಲ. ಮನಸ್ಸು ಮುದುಡಿದರೆ ಹೆಗಲೂ ಬಿಗಿಯುತ್ತದೆ. ಬಿಗಿದ ಹೆಗಲು ಮುಂದಿನ ಚಿತ್ರಕ್ಕೆ ಅಡ್ಡಿ. ಗರ್ಭಿಣಿಯೆ ಎಂಬ ಪ್ರಶ್ನೆಯನ್ನೂ ಇದೇ ಹಂತದಲ್ಲಿ, ಇತರರ ಕಿವಿಗೆ ಬೀಳದಂತೆ ಕೇಳಬೇಕು.

ಮುಂಭಾಗದ ನೋಟ

ಮೊದಲ ನೋಟದಲ್ಲಿ ರೋಗಿ ಬೆನ್ನನ್ನು ಫಲಕಕ್ಕೆ ಒರಗಿಸಿ ನಿಲ್ಲುತ್ತಾನೆ ಅಥವಾ ಅಂಗಾತ ಮಲಗುತ್ತಾನೆ. ನಳಿಕೆಗೂ ಫಲಕಕ್ಕೂ ಸುಮಾರು 100 ಸೆಂ.ಮೀ. ದೂರವಿರುತ್ತದೆ. ಮೇಲಿನ ಮುಂಹಲ್ಲುಗಳ ಅಂಚು ಮತ್ತು ತಲೆಬುರುಡೆಯ ತಳ ಒಂದೇ ಗೆರೆಯಲ್ಲಿ ಬಂದು, ಆ ಗೆರೆ ಫಲಕಕ್ಕೆ ಲಂಬವಾಗುವಷ್ಟು ಗದ್ದವನ್ನು ಎತ್ತಿಸಬೇಕು. ಕೇಂದ್ರ ಕಿರಣವನ್ನು ತಲೆಯ ಕಡೆಗೆ 15ರಿಂದ 20 ಡಿಗ್ರಿ ಓರೆ ಮಾಡಿ, ಗಂಟಲ ಉಬ್ಬಿನ ಕೆಳ ಅಂಚಿನ ಮಟ್ಟದಲ್ಲಿ ಒಳಹೊಗಿಸಿ, ನಾಲ್ಕನೆಯ ಕಶೇರುಕದ ಮೂಲಕ ಹಾಯಿಸುತ್ತಾರೆ. ಈ ಓರೆಗೆ ಕಾರಣವಿದೆ. ಕುತ್ತಿಗೆಯ ಕಶೇರುಕಗಳು ಮುಂದಕ್ಕೆ ಬಾಗಿದ ಕಮಾನಿನಂತೆ ಜೋಡಣೆಯಾಗಿವೆ. ಅವುಗಳ ನಡುವಣ ತಟ್ಟೆಗಳು ನೆಲಕ್ಕೆ ಸಮಾಂತರವಾಗಿರದೆ ಮುಂದಕ್ಕೆ ಇಳಿಜಾರಾಗಿವೆ. ಕಿರಣವೂ ಅದೇ ಇಳಿಜಾರಿನಲ್ಲಿ ಹಾಯ್ದರೆ ಮಾತ್ರ ತಟ್ಟೆಗಳ ತೆರಪು ತೆರೆದು ಕಾಣುತ್ತದೆ. ಗದ್ದ ತಗ್ಗಿದ್ದರೆ ದವಡೆಯ ಮೂಳೆ ಮೇಲಿನ ಕಶೇರುಕಗಳನ್ನು ಮುಚ್ಚುತ್ತದೆ. ಹೆಚ್ಚು ಎತ್ತಿದರೆ ತಲೆಬುರುಡೆಯ ಹಿಂಭಾಗ ಮುಚ್ಚುತ್ತದೆ.

ಇಲ್ಲಿ ಬರುವ ಮುಖ್ಯ ಆಜ್ಞೆ ಗದ್ದಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ‘ಗದ್ದ’ ಅಂಗ, ‘ಗಡ್ಡ’ ಅದರ ಮೇಲಿನ ಕೂದಲು. ತೆಲುಗಿನ ‘ಗಡ್ಡಂ’ ಎರಡನ್ನೂ ಸೂಚಿಸುತ್ತದೆ. ‘ಗಡ್ಡಂ ಪೈಕೆತ್ತಂಡಿ’ ಎಂಬ ಮಾತು ತೆಲುಗು ಹೆಚ್ಚು ಬಾರದ ಕನ್ನಡದ ಅಜ್ಜಿಯ ಕಿವಿಗೆ ಬಿದ್ದರೆ, ಅವಳು ಮೊದಲು ಕೇಳುವುದು ತನ್ನಲ್ಲಿಲ್ಲದ ಗಡ್ಡವನ್ನು. ‘ಎತ್ತು’ ಎಂಬ ಧಾತು ಎರಡೂ ಭಾಷೆಗಳಿಗೆ ಸಮಾನ. ‘ತಲೆ’ಯೂ ‘ತಲ’ವೂ ಒಂದೇ. ತಂತ್ರಜ್ಞರು ತಮ್ಮದೇ ಗದ್ದವನ್ನು ಬೆರಳಿಂದ ಮುಟ್ಟಿ ‘ಎತ್ತಿ’ ಎಂದರೆ ಈ ತೊಡಕು ಕರಗುತ್ತದೆ.

ಪಾರ್ಶ್ವ ನೋಟ

ಮೂರು ನೋಟಗಳಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವುದು ಪಾರ್ಶ್ವ ನೋಟ. ರೋಗಿಯ ಒಂದು ಹೆಗಲು ಫಲಕಕ್ಕೆ ತಾಗುವಂತೆ, ದೇಹದ ನಡುಗೆರೆ ಫಲಕಕ್ಕೆ ಸಮಾಂತರವಾಗುವಂತೆ ನಿಲ್ಲಿಸುತ್ತಾರೆ ಅಥವಾ ಕೂರಿಸುತ್ತಾರೆ. ದವಡೆ ಕಶೇರುಕಗಳ ಮೇಲೆ ಬೀಳದಂತೆ ಗದ್ದವನ್ನು ತುಸು ಎತ್ತಿ ಮುಂಚಾಚಬೇಕು. ಕೇಂದ್ರ ಕಿರಣ ನೆಲಕ್ಕೆ ಸಮಾಂತರವಾಗಿ ನಾಲ್ಕನೆಯ ಕಶೇರುಕದ ಮಟ್ಟಕ್ಕೆ ಹಾಯುತ್ತದೆ.

ಈ ನೋಟದಲ್ಲಿ ನಳಿಕೆಯನ್ನು 150ರಿಂದ 180 ಸೆಂ.ಮೀ. ದೂರಕ್ಕೆ ಸರಿಸುತ್ತಾರೆ. ನಡುವೆ ಹೆಗಲಿರುವುದರಿಂದ ಕುತ್ತಿಗೆ ಫಲಕಕ್ಕೆ ಅಂಟಿಕೊಳ್ಳಲಾರದು. ದೂರದಲ್ಲಿರುವ ವಸ್ತುವಿನ ನೆರಳು ಹಿಗ್ಗಿ ಮಸುಕಾಗುತ್ತದೆ. ಕಶೇರುಕ ಫಲಕದಿಂದ 25 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ನಳಿಕೆ 100 ಸೆಂ.ಮೀ. ದೂರದಲ್ಲಿದ್ದರೆ ನೆರಳು ನಿಜಗಾತ್ರಕ್ಕಿಂತ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, 180 ಸೆಂ.ಮೀ. ದೂರದಲ್ಲಿದ್ದರೆ ಹಿಗ್ಗುವಿಕೆ ಶೇಕಡ 16ಕ್ಕೆ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ದೂರದ ವರ್ಗಕ್ಕೆ ವಿಲೋಮವಾಗಿ ಕಿರಣದ ತೀವ್ರತೆ ಕುಗ್ಗುವುದರಿಂದ, ಫಲಕಕ್ಕೆ ಅಷ್ಟೇ ಕಿರಣ ಮುಟ್ಟಬೇಕಾದರೆ ನಳಿಕೆ ಮೂರು ಪಟ್ಟಿಗೂ ಮಿಕ್ಕಿ ಹೊರಸೂಸಬೇಕಾಗುತ್ತದೆ.

ಪಾರ್ಶ್ವ ನೋಟದ ನಿಜವಾದ ಪರೀಕ್ಷೆ ಏಳನೆಯ ಕಶೇರುಕ ಮತ್ತು ಅದರ ಕೆಳಗೆ ಎದೆಯ ಮೊದಲ ಕಶೇರುಕ ಕೂಡುವ ಎಡೆ. ಹೆಗಲು ಮೇಲೆದ್ದಿದ್ದರೆ ಆ ಎಡೆ ಮರೆಯಾಗುತ್ತದೆ. ಅದು ಕಾಣದ ಚಿತ್ರವನ್ನು ಪೂರ್ಣವೆಂದು ಒಪ್ಪಲಾಗದು. ಗಾಯವಾಗದ ರೋಗಿಯಾದರೆ ಎರಡೂ ಕೈಗಳಿಗೆ 2ರಿಂದ 4 ಕಿಲೋ ತೂಕ ಕೊಟ್ಟು ಹೆಗಲನ್ನು ಜಗ್ಗಿಸುವುದುಂಟು. ಅದಕ್ಕಿಂತ ಸರಳವಾದ ಉಪಾಯ ಉಸಿರಿನದು: ಉಸಿರು ಪೂರ್ತಿ ಹೊರಗೆ ಹೋದಾಗ ಹೆಗಲು ತಾನಾಗಿ ಇಳಿಯುತ್ತದೆ, ಆ ಕ್ಷಣದಲ್ಲಿ ಚಿತ್ರ ತೆಗೆಯಬೇಕು.

ಇಲ್ಲಿ ಹಳೆಯ ರೂಢಿ ಅಡ್ಡ ಬರುತ್ತದೆ. ಎದೆಯ ಚಿತ್ರಕ್ಕೆ ಉಸಿರನ್ನು ಒಳಗೆಳೆದು ಹಿಡಿಯಬೇಕು. ಕೆಮ್ಮಿಗೋ ಜ್ವರಕ್ಕೋ ಒಮ್ಮೆ ಎದೆಯ ಚಿತ್ರ ತೆಗೆಸಿಕೊಂಡವರಿಗೆ ‘ಉಸಿರು’ ಎಂಬ ಪದ ಕಿವಿಗೆ ಬೀಳುತ್ತಲೇ ಎದೆ ಉಬ್ಬುತ್ತದೆ, ಹೆಗಲು ಏಳುತ್ತದೆ. ತೆಲುಗಿನ ‘ಊಪಿರಿ ಬಿಗಬಟ್ಟಂಡಿ’ ಎಂಬ ಆಜ್ಞೆಯಲ್ಲಿ ಕನ್ನಡಿಗನಿಗೆ ಪರಿಚಿತವಾಗಿ ಕೇಳುವುದು ‘ಬಿಗ’ ಎಂಬ ಭಾಗ; ಬಿಗಿಹಿಡಿ ಎಂದರೆ ಅವನು ಕುತ್ತಿಗೆಯ ಸ್ನಾಯುಗಳನ್ನೂ ಬಿಗಿದುಕೊಳ್ಳುವ ಸಂಭವವಿದೆ. ಕನ್ನಡದ ‘ಉಸಿರು ಕಟ್ಟಿ’ ಎಂಬುದೂ ಒಳ್ಳೆಯ ಆಜ್ಞೆಯಲ್ಲ. ಉಸಿರು ಕಟ್ಟುವುದೆಂದರೆ ನಮ್ಮ ಬಳಕೆಯಲ್ಲಿ ಸಂಕಟ. ‘ಉಸಿರು ಪೂರ್ತಿ ಬಿಡಿ, ಹಾಗೆಯೇ ನಿಲ್ಲಿ’ ಎಂಬುದು ತಕ್ಕ ವಾಕ್ಯ. ಹೆಗಲನ್ನು ಇಳಿಸಲು ‘ಎರಡು ಕೈಯಲ್ಲೂ ತುಂಬಿದ ಕೊಡ ಹಿಡಿದವರಂತೆ ಜೋತುಬಿಡಿ’ ಎಂದರೆ, ನೀರನ್ನು ದೂರದಿಂದ ಹೊತ್ತು ತಂದ ಸೀಮೆಯ ಜನಕ್ಕೆ ಹೆಚ್ಚಿನ ವಿವರಣೆ ಬೇಡ.

ತೆರೆದ ಬಾಯಿಯ ನೋಟ

ಮೇಲಿನ ಎರಡು ಕಶೇರುಕಗಳನ್ನು ಮುಂಭಾಗದಿಂದ ನೋಡಲು ದವಡೆ ಮತ್ತು ಹಲ್ಲುಗಳು ತೆರೆ ಎಳೆದಂತಿವೆ. ಆದ್ದರಿಂದ ತೆರೆದ ಬಾಯಿಯ ಮೂಲಕವೇ ಕಿರಣವನ್ನು ಹಾಯಿಸುತ್ತಾರೆ. ಬಾಯಿಯನ್ನು ಆದಷ್ಟು ಅಗಲಿಸಿ, ಮೇಲಿನ ಮುಂಹಲ್ಲುಗಳ ಅಂಚು ಮತ್ತು ತಲೆಬುರುಡೆಯ ತಳ ಒಂದೇ ಲಂಬರೇಖೆಯಲ್ಲಿರುವಂತೆ ತಲೆಯನ್ನು ಹೊಂದಿಸಿ, ಕೇಂದ್ರ ಕಿರಣವನ್ನು ಬಾಯಿಯ ನಡುವಿಗೆ ನೇರವಾಗಿ ಹಾಯಿಸಬೇಕು. ಚಿತ್ರದಲ್ಲಿ ಮುಂಹಲ್ಲುಗಳ ನೆರಳು ಆಕ್ಸಿಸ್‌ನ ಹಲ್ಲುಮೂಳೆಯ ಮೇಲೆ ಬಿದ್ದಿದ್ದರೆ ತಲೆ ಬಾಗಿತ್ತೆಂದರ್ಥ. ತುಸು ಹಿಂದಕ್ಕೆ ಚಾಚಿಸಬೇಕು. ಬುರುಡೆಯ ತಳ ಬಿದ್ದಿದ್ದರೆ ತಲೆ ಹೆಚ್ಚು ಹಿಂದಕ್ಕೆ ಹೋಗಿತ್ತೆಂದರ್ಥ, ತುಸು ಬಾಗಿಸಬೇಕು.

ಚಿತ್ರ ತೆಗೆಯುವಾಗ ರೋಗಿ ಮೆಲ್ಲಗೆ ‘ಆ’ ಎನ್ನಬೇಕು. ಆಗ ನಾಲಗೆ ಬಾಯಿಯ ತಳಕ್ಕೆ ಇಳಿದು ಅದರ ನೆರಳು ಕಶೇರುಕಗಳಿಂದ ಸರಿಯುತ್ತದೆ. ದವಡೆಯೂ ಅಲುಗದೆ ನಿಲ್ಲುತ್ತದೆ. ಎರಡೂ ಭಾಷೆಗಳ ವರ್ಣಮಾಲೆಯಲ್ಲಿ ಎರಡನೆಯದಾಗಿ ನಿಲ್ಲುವ ಈ ಸ್ವರಕ್ಕೆ ಅನುವಾದ ಬೇಕಿಲ್ಲ. ಅದರ ಸುತ್ತಲಿನ ಆಜ್ಞೆಗಳ ವಿಷಯ ಬೇರೆ. ‘ನುಂಗಬೇಡಿ’, ‘ಮಿಂಗವದ್ದು’ ಎರಡರಲ್ಲಿಯೂ ಕ್ರಿಯೆ ಮೊದಲು ಬರುತ್ತದೆ, ನಿಷೇಧ ಕೊನೆಗೆ. ನುಂಗು ಎಂಬುದನ್ನು ಕೇಳಿದ ಗಂಟಲು ನಿಷೇಧಕ್ಕೆ ಕಾಯದಿರಬಹುದು. ಮೊದಲೇ ‘ಒಮ್ಮೆ ಉಗುಳು ನುಂಗಿಬಿಡಿ’ ಎಂದು ಹೇಳಿ, ಆಮೇಲೆ ಬಾಯಿ ತೆರೆಸುವುದು ಉತ್ತಮ.

ಓರೆ ನೋಟ ಮತ್ತು ಎಡಬಲದ ಗೊಂದಲ

ತೋಳಿಗೆ ಹರಿಯುವ ನೋವು, ಜುಮ್ಮೆನ್ನುವಿಕೆ ಇದ್ದಾಗ ನರಗಳು ಹೊರಬರುವ ರಂಧ್ರಗಳನ್ನು ನೋಡಬೇಕಾಗುತ್ತದೆ. ಅದಕ್ಕಾಗಿ ದೇಹವನ್ನು 45 ಡಿಗ್ರಿ ಹೊರಳಿಸಿ ಓರೆ ನೋಟ ತೆಗೆಯುತ್ತಾರೆ. ಬೆನ್ನು ಫಲಕದ ಕಡೆಗಿದ್ದರೆ ಕಿರಣವನ್ನು ತಲೆಯ ಕಡೆಗೆ 15ರಿಂದ 20 ಡಿಗ್ರಿ ಓರೆ ಮಾಡಬೇಕು; ಆಗ ಫಲಕದಿಂದ ದೂರವಿರುವ ಬದಿಯ ರಂಧ್ರಗಳು ಕಾಣುತ್ತವೆ. ಎದೆ ಫಲಕದ ಕಡೆಗಿದ್ದರೆ ಕಿರಣ ಅಷ್ಟೇ ಪ್ರಮಾಣದಲ್ಲಿ ಪಾದದ ಕಡೆಗೆ ಓರೆಯಾಗಬೇಕು. ಆಗ ಫಲಕಕ್ಕೆ ಹತ್ತಿರದ ಬದಿ ಕಾಣುತ್ತದೆ. ಎರಡನೆಯ ಕ್ರಮದಲ್ಲಿ ಥೈರಾಯ್ಡ್ ಗ್ರಂಥಿಗೆ ತಗಲುವ ವಿಕಿರಣ ಕಡಿಮೆ.

ಎಡ ಯಾವುದು, ಬಲ ಯಾವುದು ಎಂಬುದೇ ಇಲ್ಲಿ ಚಿತ್ರದ ಅರ್ಥವನ್ನು ನಿರ್ಧರಿಸುತ್ತದೆ. ಕನ್ನಡದ ‘ಎಡ’ ತೆಲುಗಿನ ‘ಎಡಮ’ಕ್ಕೆ ಹತ್ತಿರ. ಬಲಕ್ಕೆ ತೆಲುಗಿನ ಪದ ‘ಕುಡಿ’. ಕನ್ನಡದಲ್ಲಿ ಕುಡಿ ಎಂದರೆ ನೀರು ಕುಡಿ, ಇಲ್ಲವೇ ಬಳ್ಳಿಯ ಚಿಗುರು. ‘ಕುಡಿ ವೈಪು ತಿರಗಂಡಿ’ ಎಂದಾಗ ತಿರುಗು ಎಂಬುದು ತಿಳಿಯುತ್ತದೆ, ಎತ್ತ ಎಂಬುದು ತಿಳಿಯುವುದಿಲ್ಲ. ಬಾಗಿಲ ಕಡೆಗೆ, ಗೋಡೆಯ ಕಡೆಗೆ ಎಂದು ಕಣ್ಣಿಗೆ ಕಾಣುವ ವಸ್ತುವನ್ನು ಹೆಸರಿಸುವುದು ಈ ಗೊಂದಲಕ್ಕೆ ಪರಿಹಾರ. ಫಲಕದ ಮೇಲೆ ಎಡಬಲದ ಸೀಸದ ಗುರುತನ್ನು ಇಡುವುದಂತೂ ಬಿಡಲಾಗದ ನಿಯಮ.

ಗಾಯಾಳು: ತಲೆ ಆಡಿಸಬಾರದ ಉತ್ತರ

ಮರದಿಂದ ಬಿದ್ದವರು, ವಾಹನ ಅಪಘಾತಕ್ಕೆ ಸಿಕ್ಕವರು ಬಂದಾಗ ಮೇಲಿನ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಕುತ್ತಿಗೆಯ ಪಟ್ಟಿಯನ್ನು ಬಿಚ್ಚುವಂತಿಲ್ಲ, ಗದ್ದವನ್ನು ಎತ್ತಿಸುವಂತಿಲ್ಲ, ಕೈಗೆ ತೂಕ ಕೊಡುವಂತಿಲ್ಲ. ರೋಗಿ ಮಲಗಿದಂತೆಯೇ ಇರುತ್ತಾನೆ. ಯಂತ್ರವೇ ಅವನ ಸುತ್ತ ಸರಿಯಬೇಕು. ಫಲಕವನ್ನು ಹೆಗಲ ಬದಿಗೆ ನೆಟ್ಟಗೆ ನಿಲ್ಲಿಸಿ, ಅಡ್ಡಲಾಗಿ ಕಿರಣ ಹಾಯಿಸಿ ಪಾರ್ಶ್ವ ನೋಟ ತೆಗೆಯುತ್ತಾರೆ. ವೈದ್ಯರು ಅದನ್ನು ನೋಡಿ ಒಪ್ಪುವವರೆಗೆ ಬೇರೆ ಭಂಗಿಯ ಮಾತಿಲ್ಲ. ಕೆಳಗಿನ ಕಶೇರುಕಗಳು ಕಾಣದಿದ್ದರೆ ಫಲಕದ ಬದಿಯ ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಇನ್ನೊಂದನ್ನು ಕೆಳಗಿಳಿಸಿ ತೆಗೆಯುವ ‘ಈಜುಗಾರನ ನೋಟ’ವಿದೆ, ಅದಕ್ಕೂ ವೈದ್ಯರ ಅನುಮತಿ ಬೇಕು. ತೀವ್ರ ಗಾಯದ ಶಂಕೆಯಿರುವ ವಯಸ್ಕರಿಗೆ ಇಂದು ಸಿ.ಟಿ. ಚಿತ್ರಣಕ್ಕೇ ಮೊದಲ ಆದ್ಯತೆ. ಅದು ಕೂಡಲೇ ಸಿಗದ ಕಡೆ ಈ ಅಡ್ಡಕಿರಣದ ಚಿತ್ರವೇ ಆಧಾರ.

ಇಂಥ ರೋಗಿಗೆ ‘ಅರ್ಥವಾಯಿತೆ?’ ಎಂದು ಕೇಳಿದರೆ ಅವನು ಗೋಣು ಆಡಿಸುತ್ತಾನೆ. ಆಗ ಅಲುಗುವುದು ಹೌದು ಮತ್ತು ಇಲ್ಲಗಳ ಕೀಲುಗಳೇ. ಭಾಷೆ ಅರೆಬರೆ ತಿಳಿದವನು ಮಾತಿಗಿಂತ ತಲೆಯಾಡಿಸುವಿಕೆಯನ್ನೇ ಹೆಚ್ಚು ನಂಬುತ್ತಾನೆ. ತಿಳಿಯದ್ದನ್ನು ತಿಳಿದಂತೆ ತೋರಿಸಿಕೊಳ್ಳಲು ಅದೊಂದು ಮರ್ಯಾದೆಯ ದಾರಿ. ಆದ್ದರಿಂದ ಗಾಯಾಳುವಿಗೆ ಹೇಳಬೇಕಾದ ಮೊತ್ತಮೊದಲ ವಾಕ್ಯ, ಹೆಸರು ಕೇಳುವುದಕ್ಕೂ ಮುಂಚೆ, ಅವನ ಮನೆಮಾತಿನಲ್ಲಿರಬೇಕು: ‘ತಲೆ ಆಡಿಸಬೇಡಿ, ಬಾಯಲ್ಲೇ ಹೇಳಿ.’

ಇನ್ನೂ ಆಳವಾದ ತೊಡಕೊಂದಿದೆ. ಯಾರಿಗೆ ಚಿತ್ರ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ಜಗತ್ತಿನಾದ್ಯಂತ ಎರಡು ನಿಯಮಗಳನ್ನು ಬಳಸುತ್ತಾರೆ. 34,069 ರೋಗಿಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ನೆಕ್ಸಸ್ ಅಧ್ಯಯನ ಐದು ಲಕ್ಷಣಗಳನ್ನು ನೋಡುತ್ತದೆ: ಕುತ್ತಿಗೆಯ ಹಿಂಭಾಗದ ನಡುವೆ ಮುಟ್ಟಿದರೆ ನೋವು, ನರದೌರ್ಬಲ್ಯ, ಎಚ್ಚರದ ಏರುಪೇರು, ಅಮಲು, ಗಮನವನ್ನು ಬೇರೆಡೆಗೆ ಸೆಳೆಯುವ ಇನ್ನೊಂದು ನೋವಿನ ಗಾಯ. ಎಚ್ಚರದ ಏರುಪೇರು ಎಂಬುದರಲ್ಲಿ ಊರು, ಹೊತ್ತುಗಳನ್ನು ಹೇಳಲಾಗದಿರುವುದು, ಮೂರು ವಸ್ತುಗಳ ಹೆಸರನ್ನು ಐದು ನಿಮಿಷದ ಬಳಿಕ ನೆನೆಯಲಾಗದಿರುವುದು, ತಡವಾಗಿಯೋ ಅಸಂಬದ್ಧವಾಗಿಯೋ ಉತ್ತರಿಸುವುದು ಸೇರಿವೆ. 2001ರಲ್ಲಿ ಬಂದ ಕೆನಡಾದ ನಿಯಮ, ಅಪಾಯದ ಲಕ್ಷಣಗಳಿಲ್ಲದವರಲ್ಲಿ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಾವೇ ತಿರುಗಿಸಬಲ್ಲರೆ ಎಂದು ಪರೀಕ್ಷಿಸುತ್ತದೆ.

ಎರಡೂ ನಿಯಮಗಳು ಮಾತಿನ ಮೇಲೆ ನಿಂತಿವೆ. ತೆಲುಗಿನ ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ಹೊರಳಿಸಿಕೊಂಡು ತಡವಾಗಿ ಉತ್ತರಿಸುವವನು ಎಚ್ಚರ ತಪ್ಪುತ್ತಿರುವವನಂತೆ ಕಾಣಬಹುದು. ಭಾಷೆಯ ಅಂತರ ರೋಗಲಕ್ಷಣದ ವೇಷ ತೊಡುತ್ತದೆ. ವಿಪರೀತವೂ ಸಾಧ್ಯ: ನಿಜವಾಗಿಯೂ ಎಚ್ಚರ ಕುಂದುತ್ತಿರುವವನನ್ನು ‘ಪಾಪ, ಭಾಷೆ ಬಾರದವನು’ ಎಂದು ಬದಿಗೆ ಕೂರಿಸಬಹುದು. ಮೊದಲನೆಯದರಿಂದ ಬೇಡದ ವಿಕಿರಣ. ಎರಡನೆಯದರಿಂದ ತಿರುಗಿ ಬಾರದ ಹಾನಿ.

ದೇಹವೇ ಒಪ್ಪದಾಗ

ಭಂಗಿ ತಪ್ಪಿದಾಗಲೆಲ್ಲ ಮಾತನ್ನೇ ದೂರುವುದೂ ಸರಿಯಲ್ಲ. ಅನಂತಪುರ ಜಿಲ್ಲೆಯಲ್ಲಿಯೂ ನೆರೆಯ ಪಾವಗಡ ಸೀಮೆಯಲ್ಲಿಯೂ ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಅದನ್ನು ಬಹಳಷ್ಟು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಟ್ಟವಾಗಿ, ಅಸ್ಥಿರಜ್ಜುಗಳು ಗಡುಸಾಗಿ ಬೆನ್ನು, ಕುತ್ತಿಗೆಗಳು ಬಿಗಿಯುತ್ತವೆ. ಭಾರತದಲ್ಲಿ ಈ ಮೂಳೆರೋಗವನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಮಾಡಿದ್ದು ಅಂದಿನ ಮದರಾಸು ಪ್ರಾಂತ್ಯದಿಂದಲೇ.

ಇಂಥ ಕುತ್ತಿಗೆಗೆ ‘ಗದ್ದ ಎತ್ತಿ’ ಎಂದು ಯಾವ ಭಾಷೆಯಲ್ಲಿ ಹೇಳಿದರೂ ಅದು ಏಳುವುದಿಲ್ಲ. ಬಲವಂತವಾಗಿ ಎತ್ತುವುದು ಅಪಾಯ. ಒಳಗಿನ ನರಹುರಿ ಆಗಲೇ ಇಕ್ಕಟ್ಟಿನಲ್ಲಿರಬಹುದು. ಎಷ್ಟು ಕೋನದ ಕೊರತೆಯಿದೆಯೋ ಅಷ್ಟನ್ನು ನಳಿಕೆಯನ್ನು ಓರೆ ಮಾಡಿ ತುಂಬಿಕೊಳ್ಳಬೇಕು. ಆದರೆ ರೋಗಿ ಸುಮ್ಮನಿರುವುದು ಬಿಗಿತದಿಂದಲೋ ಮಾತು ತಿಳಿಯದೆಯೋ ಎಂಬುದನ್ನು ಬೇರ್ಪಡಿಸುವುದು ಹೇಗೆ? ಮನೆಮಾತಿನಲ್ಲಿ ಒಮ್ಮೆ ಕೇಳಿದರೆ ಉತ್ತರ ಸಿಗುತ್ತದೆ: ಒಬ್ಬ ‘ಆಗುವುದಿಲ್ಲ’ ಎನ್ನುತ್ತಾನೆ, ಇನ್ನೊಬ್ಬ ಎತ್ತುತ್ತಾನೆ.

ಐದು ವಾಕ್ಯಗಳ ಪ್ರಸ್ತಾಪ

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಶಾಲೆ ಮತ್ತು ಕಚೇರಿಗಳ ಸುತ್ತ ನಡೆದಿದೆ. ಸಂವಿಧಾನದ 350ನೆಯ ವಿಧಿ ಅಹವಾಲಿನ ಭಾಷೆಯನ್ನು ಕುರಿತದ್ದು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯನ್ನೂ 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನೂ ಕುರಿತವು. ಇವು ಓದುವ ಮತ್ತು ಬರೆಯುವ ಪ್ರಜೆಯನ್ನು ಕಣ್ಣ ಮುಂದಿಟ್ಟುಕೊಂಡಿವೆ. ಮೇಜಿನ ಮೇಲೆ ಅಂಗಾತ ಮಲಗಿ, ಕನ್ನಡಕ ಕಳಚಿ, ಚಾವಣಿಯನ್ನಷ್ಟೇ ನೋಡುತ್ತಿರುವವನಿಗೆ ಗೋಡೆಯ ಮೇಲಿನ ದ್ವಿಭಾಷಾ ಫಲಕವೂ ನಿರುಪಯೋಗಿ. ಅವನಿಗೆ ಬೇಕಾದದ್ದು ಕಿವಿಗೆ ಬೀಳುವ ಭಾಷೆ.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ತೆಲುಗು ಮನೆಮಾತಿನ ತಂತ್ರಜ್ಞರು ಕಲಿಯಬೇಕಾದ ಕನ್ನಡವೂ, ಗಡಿಯ ಈಚೆ ಕನ್ನಡ ಮನೆಮಾತಿನವರು ಕಲಿಯಬೇಕಾದ ತೆಲುಗೂ ಐದು ವಾಕ್ಯಗಳಷ್ಟು:

ತಲೆ ಆಡಿಸಬೇಡಿ, ಬಾಯಲ್ಲೇ ಹೇಳಿ. ತಲ ಊಪವದ್ದು, ನೋಟಿತೋ ಚೆಪ್ಪಂಡಿ.

ಗದ್ದ ಸ್ವಲ್ಪ ಎತ್ತಿ. ಗಡ್ಡಂ ಕೊಂಚೆಂ ಎತ್ತಂಡಿ.

ಹೆಗಲು ಇಳಿಬಿಡಿ, ಭುಜಾಲು ದಿಂಚಂಡಿ.

ಉಸಿರು ಪೂರ್ತಿ ಬಿಡಿ, ಹಾಗೆಯೇ ನಿಲ್ಲಿ. ಊಪಿರಿ ಪೂರ್ತಿಗಾ ವದಲಂಡಿ, ಅಲಾಗೇ ಉಂಡಂಡಿ.

ಬಾಯಿ ತೆರೆದು ‘ಆ’ ಅನ್ನಿ. ನೋರು ತೆರಿಚಿ ‘ಆ’ ಅನಂಡಿ.

ಇವನ್ನು ಚಿತ್ರಣಕ್ಕೆ ಮೊದಲು, ಯಂತ್ರ ಸಿದ್ಧವಾಗುತ್ತಿರುವಾಗ, ರೋಗಿಯಿಂದ ಒಮ್ಮೆ ಮಾಡಿಸಿ ನೋಡಬೇಕು. ಗಾಯಾಳುವಾದರೆ ಮೊದಲನೆಯದೊಂದೇ ಸಾಕು. ಈ ಅಭ್ಯಾಸಕ್ಕೆ ಅರ್ಧ ನಿಮಿಷವೂ ಹಿಡಿಯದು. ತಪ್ಪಿದ ಚಿತ್ರವನ್ನು ಮತ್ತೊಮ್ಮೆ ತೆಗೆದರೆ ಅದೇ ಕುತ್ತಿಗೆಗೆ, ಅದೇ ಥೈರಾಯ್ಡ್ ಗ್ರಂಥಿಗೆ ವಿಕಿರಣ ಎರಡು ಪಟ್ಟಾಗುತ್ತದೆ. ಉಪಭಾಷೆಗಳನ್ನು ದಾಖಲಿಸುವ ನಮ್ಮಂಥವರು ಅಂಗಗಳ ಹೆಸರು, ನೋವಿನ ಹೆಸರು, ಚಲನೆಯ ಕ್ರಿಯಾಪದಗಳನ್ನು ಮಂಡಲವಾರು ಸಂಗ್ರಹಿಸಿ ಹತ್ತಿರದ ಆಸ್ಪತ್ರೆಗಳಿಗೆ ಒಂದು ಪುಟದಲ್ಲಿ ಕೊಡಬಹುದು. ಬ್ರಹ್ಮಸಮುದ್ರದಲ್ಲಿ ‘ಗದ್ದ’ ಎನ್ನುತ್ತಾರೆಯೋ ‘ಗಡ್ಡ’ ಎನ್ನುತ್ತಾರೆಯೋ ಎಂಬುದು ಆ ಪುಟದ ಮೊದಲ ಪ್ರಶ್ನೆಯಾಗಲಿ.